ಮೋಟರ್ ಬಿಚ್ಚೋ ಮೊದಲು ಜಾಯಿಂಟ್ ನೋಡಿ

ಪುಣೆ–ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನ್ ಹತ್ತಿರ ನರ್ಸರಿಗಳು ಜಾಸ್ತಿ. ಅಲ್ಲಿ ನಮ್ಮ ವಿಜಯಪುರ ಕಡೆಯ ಕಾಕಾ ಒಬ್ಬರು ಹಳೇ ಗಾಲ್ಫ್ ಗಾಡಿಗೆ ಟ್ರಾಲಿ ಕಟ್ಟಿ ಕುಂಡ, ಗೊಬ್ಬರ ಎಳೆಸುತ್ತಾರೆ. 6 ವೋಲ್ಟಿನ ಆರು ಬ್ಯಾಟರಿ, ಒಟ್ಟು 36 ವೋಲ್ಟ್. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ 1969ರಲ್ಲಿ ತಂದ ಎಲೆಕ್-ಟ್ರ್ಯಾಕ್ ತೋಟದ ಟ್ರ್ಯಾಕ್ಟರಿನಲ್ಲೂ ಇದೇ ಜೋಡಣೆ. ರಿಪೇರಿಯೂ ಹೆಚ್ಚುಕಮ್ಮಿ ಒಂದೇ.

"ಏರಿನ್ಯಾಗ ಗಾಡಿ ಎಳೀವಲ್ದು. ಮೋಟರ್ ಸುಟ್ಟದ ಅಂತಾರ, ರಿವೈಂಡಿಂಗ್ ಮಾಡಸೂಣೇನು?"

"ತಡೀರಿ ಕಾಕಾ, ಮೊದಲ ಮೀಟರ್ ಹಚ್ಚಿ ನೋಡೂಣು."

ಗಾಡಿ ನಿಂತಿದ್ದಾಗ ಪ್ರತಿ ಬ್ಯಾಟರಿಯೂ 6.3 ತೋರಿಸಿತು. ನಿಂತ ಗಾಡಿಯ ಲೆಕ್ಕ ನಾನು ನಂಬಲ್ಲ. ಟ್ರಾಲಿ ತುಂಬಾ ಗೊಬ್ಬರ ಹೇರಿಸಿ, ಹುಡುಗನಿಗೆ ಏರು ಹತ್ತಿಸಲು ಹೇಳಿ, ನಾನು ಪಕ್ಕದಲ್ಲಿ ಕೂತೆ. ಮೀಟರಿನ ಒಂದು ಮೊನೆ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಲಗ್ಗಿನಾಚೆಯ (ಲಗ್ಗು ಅಂದರೆ ತಂತಿಯ ತುದಿಗೆ ಒತ್ತಿ ನಟ್ಟಿನಡಿ ಕೂರಿಸುವ ಲೋಹದ ತುಂಡು) ತಾಮ್ರದ ತಂತಿಗೆ. ಜಾಯಿಂಟ್ ಚೆನ್ನಾಗಿದ್ದರೆ ಸೊನ್ನೆಯ ಆಸುಪಾಸು ಇರಬೇಕು. ಇಲ್ಲಿ ಹಲವು ಕಡೆ ಅರ್ಧ ವೋಲ್ಟ್, ಒಂದರಲ್ಲಿ ಎರಡರ ಹತ್ತಿರ! ನೂರು ಆಂಪ್ ಹರಿಯುವಾಗ ಎರಡು ವೋಲ್ಟ್ ಕಳೆದರೆ 200 ವ್ಯಾಟ್ ಬಿಸಿ, ಅದೂ ಒಂದೇ ನಟ್ಟಿನ ಕೆಳಗೆ. ಮೋಟರ್ ಪಾಪ ಏನು ಮಾಡೀತು?

ಬೆರಳಿನ ಉಂಗುರ ತೆಗೆದಿಟ್ಟು, ಸ್ಪ್ಯಾನರಿಗೆ ಟೇಪ್ ಸುತ್ತಿ ಕೆಲಸ ಶುರು ಮಾಡಿದೆ. 36 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯಲ್ಲ, ಆದರೆ ಸ್ಪ್ಯಾನರ್ ಅಡ್ಡಬಿದ್ದರೆ ಕಬ್ಬಿಣವೇ ಕರಗುತ್ತೆ. ಜಾಯಿಂಟಿನ ಮೇಲೆ ಕಟ್ಟಿದ್ದ ಹಸಿರು-ಬಿಳಿ ಪುಡಿಯನ್ನು ಅಡುಗೆ ಸೋಡಾ ನೀರಿನಿಂದ ತೊಳೆದೆ. ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಆಸಿಡ್ ಕೆಡುತ್ತೆ. ಹೊಸ ಲಗ್ಗು ಒತ್ತಿ, ನಟ್ಟು ಬಿಗಿದ ಮೇಲೆ ವ್ಯಾಸಲೀನ್ ಸವರಿದೆ.

ಇಷ್ಟು ತುಕ್ಕು ಹಿಡಿದದ್ದು ಯಾಕೆ? ಅಲ್ಲಿನ ಹುಡುಗರು ಚಾರ್ಜಿಗೆ ಹಾಕುವ ಮೊದಲೇ ಡಿಸ್ಟಿಲ್ಡ್ ವಾಟರ್ ತುಂಬುತ್ತಿದ್ದರು. ಚಾರ್ಜಾಗುವಾಗ ಆಸಿಡ್ ಉಬ್ಬಿ ಮೇಲೆ ಚೆಲ್ಲುತ್ತದೆ. ಪ್ಲೇಟ್ ಬರಿದಾಗಿದ್ದರೆ ಮುಳುಗುವಷ್ಟು ಮಾತ್ರ ಹಾಕಿ, ಉಳಿದದ್ದು ಚಾರ್ಜಾದ ಮೇಲೆ.

ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡುಗಳು, ಅಂದರೆ ಮೋಟರಿನ ಬ್ರಷ್‌ಗಳೂ ಸವೆದಿದ್ದವು. ಪುಣೆಯ ಎಲೆಕ್ಟ್ರಿಕಲ್ ಸಾಮಾನಿನ ಪೇಟೆ ತಾಪ್ಕೀರ್ ಗಲ್ಲಿಗೆ ಹಳೇ ಬ್ರಷ್ ಜೇಬಲ್ಲಿಟ್ಟುಕೊಂಡೇ ಹೋಗಿ. ಸೈಜ್ ಬಾಯಲ್ಲಿ ಹೇಳಿದರೆ ಕೆಲಸ ಆಗಲ್ಲ. ಬ್ರಷ್ ತಾಗಿ ತಿರುಗುವ ತಾಮ್ರದ ದುಂಡು ಭಾಗ, ಕಮ್ಯುಟೇಟರ್, ಚಾಕಲೇಟ್ ಬಣ್ಣಕ್ಕೆ ಬಂದು ನುಣುಪಾಗಿತ್ತು, ಮುಟ್ಟಲಿಲ್ಲ. ಸುಮ್ನೆ ಹೊಳಪು ಬರಲಿ ಅಂತ ಉಜ್ಜುವವರಿದ್ದಾರೆ, ಅದೂ ಎಮರಿ ಪೇಪರಿನಲ್ಲಿ! ಅದರ ಪುಡಿ ಸಂದಿಯಲ್ಲಿ ಕೂತು ಶಾರ್ಟ್ ಮಾಡುತ್ತೆ. ನಾನು ಸಣ್ಣ ಉಪ್ಪುಕಾಗದದ ಒರಟು ಮೈಯನ್ನು ಹೊಸ ಬ್ರಷ್ ಕಡೆ ಮಾಡಿ ಕಮ್ಯುಟೇಟರಿಗೆ ಸುತ್ತಿ, ಕೈಯಲ್ಲಿ ಹಿಂದೆಮುಂದೆ ತಿರುಗಿಸಿದೆ. ಬ್ರಷ್ಷಿನ ಮೊನೆ ಅದೇ ಬಾಗಿಗೆ ಸವೆದು ಕೂತಿತು. ಆಮೇಲೆ ಕಾರ್ಬನ್ ಪುಡಿಯನ್ನೆಲ್ಲ ಬ್ಲೋವರಿನಿಂದ ಊದಿ ತೆಗೆದೆ. ಅದು ಒಳಗೇ ಉಳಿದರೆ ಮೋಟರಿನ ಮೈಗೆ ಕರೆಂಟ್ ಸೋರುತ್ತದೆ.