ಮನೆಮಾತು ನೋಡಿ ಬ್ಯಾಚ್ ಮಾಡಿದೆ, ಇಂಗ್ಲಿಷ್ ಬಂತು

ಕಾರವಾರದಲ್ಲಿ ನಾನು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಕೊಂಕಣಿ ಮನೆಮಾತಿನವರದ್ದು ಒಂದು ಬ್ಯಾಚ್, ಕನ್ನಡದವರದ್ದು ಇನ್ನೊಂದು. ಶುರು ಮಾಡಿದಾಗ ಇದೇ ಕೆಲಸದ ಗೆಳೆಯರು "ಇಂಗ್ಲಿಷ್ ಕಲಿಸೋಕೆ ಮನೆಮಾತು ಯಾಕೋ ಮಾರಾಯಾ" ಅಂದಿದ್ದರು. ಈಗ ಅವರಲ್ಲೇ ಇಬ್ಬರು ನನ್ನ ಅಭ್ಯಾಸದ ಹಾಳೆ ಕೇಳಿದ್ದಾರೆ.

ಮೊದಲ ವರ್ಷ ಪೂರ್ತಿ ನಷ್ಟ. ಬ್ಯಾಚ್ ಎರಡಾಯ್ತು, ಫೀ ಮಾತ್ರ ಅದೇ 600. ರೂಮಿನ ಬಾಡಿಗೆ ತಿಂಗಳಿಗೆ 4,000 ಹತ್ತಿರ. ಹಾಳೆ ಪ್ರಿಂಟ್ ಮಾಡಿಸಿದ್ದಕ್ಕೇ ಏಳೆಂಟು ಸಾವಿರ ಹೋಗಿರಬೇಕು. "ಮನೇಲಿ ಆಡೋ ಮಾತನ್ನೇ ಕ್ಲಾಸಲ್ಲೂ ಆಡಿಸ್ತೀರಂತೆ" ಅಂತ ಪಾಲಕರು ಜಗಳಕ್ಕೆ ಬಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಮಕ್ಕಳು ಬಿಟ್ಟರು.

ಆದರೂ ನಾನು ಬಿಡಲಿಲ್ಲ. ತೊಡಕುಗಳು ಅಷ್ಟು ಬೇರೆ ಬೇರೆ ಇದ್ದವು. ಕನ್ನಡದ ಬಾಯಿಗೆ ಪದ ಸ್ವರದಲ್ಲೇ ಮುಗಿಯಬೇಕು. ಹಾಗಾಗಿ ‘ದಿ ಬಸ್ಸು ಈಸ್ ಲೇಟು’. ಎಗ್ ‘ಯೆಗ್ಗು’ ಆಗುತ್ತದೆ, ಓನ್ಲಿ ‘ವೋನ್ಲಿ’ ಆಗುತ್ತದೆ. ಕೊಂಕಣಿಯಲ್ಲಿ ಘರ್, ಹಾತ್, ಉದಾಕ್ ಅಂತ ವ್ಯಂಜನಕ್ಕೇ ನಿಲ್ಲುವ ಪದಗಳು ಬೇಕಾದಷ್ಟು. ಆ ಮಕ್ಕಳನ್ನೂ ಕೂರಿಸಿಕೊಂಡು ವಾರಗಟ್ಟಲೆ ‘ಉ’ ತಿದ್ದುತ್ತಾ ಹೋದರೆ ಫೀ ಕೊಟ್ಟವರಿಗೆ ಅನ್ಯಾಯ ಅಲ್ವಾ? ಅವರ ತೊಡಕು ಇನ್ನೊಂದು. ಕೊಂಕಣಿಯಲ್ಲಿ ವಸ್ತುಗಳಿಗೂ ಗಂಡು, ಹೆಣ್ಣು ಉಂಟು. ಗಾಡಿ ಹೆಣ್ಣು; ರೂಕ್, ಅಂದ್ರೆ ಮರ, ಗಂಡು. ಅವಸರದಲ್ಲಿ ಗಾಡಿಗೆ ‘ಶಿ’ ಬಂದುಬಿಡುತ್ತದೆ.

ಕನ್ನಡ ಬ್ಯಾಚಿನ ‘ಉ’ ಬಿಡಿಸಿದ್ದು ಹೀಗೆ. ಬಸ್ ಅನ್ನೋದನ್ನು ಒಂಟಿಯಾಗಿ ಹೇಳಿಸಲೇ ಇಲ್ಲ. ಸ್ವರದಿಂದ ಶುರುವಾಗುವ ಪದ ಹಿಂದೆಯೇ ಜೋಡಿಸಿದೆ: ಬಸ್ ಈಸ್, ಬುಕ್ ಆನ್, ಲೇಟ್ ಅಗೇನ್. ಬಾಯಿಗೆ ಬೇಕಾದ ಸ್ವರ ಮುಂದಿನ ಪದದಲ್ಲೇ ಸಿಗುತ್ತದೆ, ‘ಉ’ಗೆ ಜಾಗವೇ ಇರುವುದಿಲ್ಲ. ಅದು ಪಳಗಿದ ಮೇಲೆ ‘ಬಸ್ ಕೇಮ್’ ಥರದವು. ಯಾವ ಜೋಡಿ ಮೊದಲು, ಯಾವುದು ಆಮೇಲೆ ಅನ್ನೋ ಪಟ್ಟಿ ನನ್ನ ಹತ್ತಿರವೇ ಇರಲಿ. ಅದಕ್ಕೆ ಸುಮಾರು ಎರಡು ವರ್ಷ ಬೆವರು ಸುರಿಸಿದ್ದೇನೆ. ಮೊದಲು ಆರು ತಿಂಗಳಾದರೂ ಹೋಗದಿದ್ದದ್ದು ಈಗ ಎರಡು ತಿಂಗಳಲ್ಲಿ ಹೋಗುತ್ತಿದೆ.

ಎಲ್ಲದಕ್ಕೂ ಬ್ಯಾಚ್ ಒಡೆಯಬೇಕಾಗಿಲ್ಲ. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಅಂತ ನಾವು ಕನ್ನಡದಲ್ಲಿ ಅಂದರೆ ಅವರು ಕೊಂಕಣಿಯಲ್ಲಿ ‘ಮಾಕಾ ದೋಗ್ ಭಾವ್ ಆಸಾತ್’ ಅನ್ನುತ್ತಾರೆ. ವಾಕ್ಯದ ಕಟ್ಟು ಒಂದೇ. ಹಾಗಾಗಿ ಎರಡೂ ಕಡೆಯವರು ‘ಟು ಮಿ’ ಅಂತಲೇ ಶುರು ಮಾಡುತ್ತಾರೆ. ಇಂಥವಕ್ಕೆ ಶನಿವಾರ ಎಲ್ಲರನ್ನೂ ಒಟ್ಟಿಗೆ ಕೂರಿಸಿದೆ. ನನ್ನ ಸಮಯ ಉಳಿದದ್ದು, ಲೆಕ್ಕ ಸರಿಹೋದದ್ದು ಅದರಿಂದ.

ಒಂದು ಬೇಸಿಗೆ ರಜೆಯಲ್ಲಿ ಶಿರಸಿಯಲ್ಲೂ ಮಾಡಿ ನೋಡಿದೆ. ಹವ್ಯಕ ಮಾತಿನಲ್ಲಿ ಹೆಂಗಸರಿಗೂ ‘ಅದು’ ಅನ್ನುತ್ತಾರೆ ನೋಡಿ. ಅಕ್ಕನಿಗೆ ‘ಇಟ್’ ಹೇಳುತ್ತಾರೇನೋ ಅಂತ ಕಾದೆ. ಒಬ್ಬ ಮಗುವೂ ಹೇಳಲಿಲ್ಲ! ಶಾಲೆಯ ಕನ್ನಡದ ‘ಅವಳು’ ನಡುವೆ ನಿಂತು ಕಾಪಾಡಿರಬೇಕು ಅಂತ ನನ್ನ ಅಂದಾಜು. ‘ಯೆಗ್ಗು’ ಮಾತ್ರ ಅಲ್ಲೂ ಜೋರಾಗಿಯೇ ಇತ್ತು.

ಫೀ ಈಗ 900. ಎರಡೂ ಬ್ಯಾಚ್ ತುಂಬಿವೆ. ಕೈಗಾ ಮತ್ತು ನೌಕಾನೆಲೆ ಕಡೆಯ ಹಿಂದಿ ಮನೆಮಾತಿನವರು ಕನ್ನಡ ಕಲಿಸಿ ಅಂತ ಬರುತ್ತಿದ್ದಾರೆ. ಅವರ ಬಾಯಲ್ಲಿ ‘ಹಳ್ಳಿ’ ಹಲ್ಲಿಯಾಗುತ್ತದೆ, ‘ಕೊಡು’ ಕೋಡು ಆಗುತ್ತದೆ. ಆ ಹಾಳೆ ಬರೆಯುತ್ತಿದ್ದೇನೆ. ದೀಪಾವಳಿ ಕಳೆದ ಮೇಲೆ ಬ್ಯಾಚ್ ಶುರು.