ಕಣ್ಣು ಮುಚ್ಚಿ ಕಲಿತ ಬೋಟ್

ಸಬ್‌ಮರೀನ್‌ಗೆ ಯಾರನ್ನೂ ಬಲವಂತವಾಗಿ ಕಳಿಸುವುದಿಲ್ಲ. ನಮ್ಮ ನೌಕಾಪಡೆಯಲ್ಲಿ ಅದು ತಾನಾಗಿ ಕೈ ಎತ್ತಿದವರ ಕೆಲಸ. ನಾನು ಕೈ ಎತ್ತಿದ್ದು 1994ರಲ್ಲಿ. ಅಷ್ಟರಲ್ಲಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಮೊದಲ ತರಬೇತಿ, ಲೋನಾವಳದ ಐಎನ್‌ಎಸ್ ಶಿವಾಜಿಯಲ್ಲಿ ಎಂಜಿನ್ ಕೆಲಸ ಎರಡೂ ಮುಗಿದು, ಒಂದು ಯುದ್ಧನೌಕೆಯಲ್ಲಿ ಓಡಾಡಿಕೊಂಡಿದ್ದೆ. ಅಲ್ಲಿ ಗಾಳಿ ಇತ್ತು, ಬಿಸಿಲಿತ್ತು, ಕೆಲಸ ಮುಗಿಸಿ ಡೆಕ್ ಮೇಲೆ ನಿಂತರೆ ಆಕಾಶ ಇತ್ತು. ಆದರೂ ಪಕ್ಕದ ಜೆಟ್ಟಿಗೆ ಬಂದು ನಿಂತ ಕಪ್ಪು ಬೋಟ್‌ನಿಂದ (ಸಬ್‌ಮರೀನನ್ನು ನಾವು ಬೋಟ್ ಅಂತಲೇ ಕರೆಯುವುದು) ಹೊರಗೆ ಬರುತ್ತಿದ್ದವರನ್ನು ನೋಡಿದ ದಿನ ಮನಸ್ಸು ಅತ್ತ ಹೋಯಿತು. ಬೆಳೆದ ಗಡ್ಡ, ಬಿಳಿಚಿಕೊಂಡ ಮುಖ, ಮೈಯೆಲ್ಲ ಡೀಸೆಲ್ ವಾಸನೆ. ಆದರೆ ಕಮಾಂಡಿಂಗ್ ಆಫೀಸರ್‌ನಿಂದ ಹಿಡಿದು ಅಡುಗೆಯವನ ತನಕ ಎಲ್ಲರೂ ಒಂದೇ ಮನೆಯವರ ಹಾಗೆ ಮಾತಾಡಿಕೊಳ್ಳುತ್ತಿದ್ದರು. ಹಡಗಿನಲ್ಲಿ ನಾನು ಅದನ್ನು ಕಂಡಿರಲಿಲ್ಲ.

ತರಬೇತಿ ವಿಶಾಖಪಟ್ಟಣದ ಐಎನ್‌ಎಸ್ ಶಾತವಾಹನದಲ್ಲಿ. ಪಾಠ, ಲೆಕ್ಕ, ನಕ್ಷೆ ಎಲ್ಲ ಹೇಗೋ ಆಯಿತು. ಮರೆಯಲಾಗದ್ದು ಮುಳುಗಿದ ಬೋಟ್‌ನಿಂದ ಹೊರಬರುವ ಅಭ್ಯಾಸ. ಟಾರ್ಪೆಡೊ ಟ್ಯೂಬ್‌ನ ಅಗಲ 53 ಸೆಂಟಿಮೀಟರ್. ಆಪತ್ತಿನಲ್ಲಿ ಅದೇ ಬಾಗಿಲು. ಅದರೊಳಗೆ ತೆವಳಿಕೊಂಡು ಹೋಗಬೇಕು, ಹಿಂದೆ ಬಾಗಿಲು ಮುಚ್ಚುತ್ತಾರೆ, ನೀರು ತುಂಬುತ್ತದೆ, ಆಮೇಲೆ ಮುಂದಿನ ಬಾಗಿಲು ತೆರೆಯುತ್ತದೆ. ಮೇಲೆ ಬರುವಾಗ ಉಸಿರು ಹಿಡಿಯಲೇಬಾರದು. 10 ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಹಿಡಿದಿಟ್ಟುಕೊಂಡರೆ ಶ್ವಾಸಕೋಶವೇ ಹರಿಯುತ್ತದೆ. ನೀರಲ್ಲಿದ್ದಾಗ ಉಸಿರು ಬಿಗಿ ಹಿಡಿಯುವುದು ಹುಟ್ಟಿನಿಂದ ಬಂದ ಅಭ್ಯಾಸ ಅಲ್ವಾ? ಅದನ್ನು ಬಿಡಿಸುವುದಕ್ಕೇ ಎಷ್ಟೋ ದಿನ ಹಿಡಿಯಿತು.

ನನಗೆ ಸಿಕ್ಕಿದ್ದು ಸಿಂಧುಘೋಷ್ ವರ್ಗದ ಬೋಟ್. ರಷ್ಯಾದಲ್ಲಿ ಕಟ್ಟಿದ್ದು. ಉದ್ದ ಸುಮಾರು 73 ಮೀಟರ್, ಒಳಗೆ ಆರು ಕಂಪಾರ್ಟ್‌ಮೆಂಟ್, ಐವತ್ತಕ್ಕೂ ಹೆಚ್ಚು ಜನ. ಬೋಟ್ ಹತ್ತಿದ ಮಾತ್ರಕ್ಕೆ ಸಬ್‌ಮರೀನರ್ ಆಗುವುದಿಲ್ಲ. ಎದೆಯ ಮೇಲೆ ಡಾಲ್ಫಿನ್ ಬ್ಯಾಡ್ಜ್ ಬೀಳಬೇಕಾದರೆ ಇಡೀ ಬೋಟ್ ಗೊತ್ತಿರಬೇಕು. ನೀನು ಎಂಜಿನ್‌ನವನಾಗಿರು, ರೇಡಿಯೋದವನಾಗಿರು, ಅಡುಗೆಯವನಾಗಿರು, ಎಲ್ಲರಿಗೂ ಅದೇ ಪರೀಕ್ಷೆ. ಹೈ ಪ್ರೆಶರ್ ಗಾಳಿಯ ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಮುಳುಗಲು ನೀರು ತುಂಬಿಕೊಳ್ಳುವ ಬ್ಯಾಲಾಸ್ಟ್ ಟ್ಯಾಂಕ್‌ಗೆ ಗಾಳಿ ಊದಿ ಬೋಟ್ ಮೇಲೆತ್ತುವ ವಾಲ್ವ್ ಯಾವುದು, ಸಮುದ್ರದ ನೀರು ಒಳಗೆ ಬರುವ ಒಂದೊಂದು ತೂತಿನ ಬೀಗ ಎಲ್ಲಿದೆ, ಎಲ್ಲ ನೋಟ್‌ಬುಕ್‌ನಲ್ಲಿ ಬರೆದು ತೋರಿಸಬೇಕು.

ನಮ್ಮ ಚೀಫ್ ಸಾಬ್ ಹಳೆಯ ಫಾಕ್ಸ್‌ಟ್ರಾಟ್ ಬೋಟ್‌ಗಳಲ್ಲಿ ಪಳಗಿದವರು. ನೋಟ್‌ಬುಕ್ ನೋಡಿ ತಲೆಯಾಡಿಸಿದರು. ಆಮೇಲೆ ಎಂಜಿನ್ ಒರೆಸುವ ಬಟ್ಟೆ ತೆಗೆದು ನನ್ನ ಕಣ್ಣಿಗೆ ಕಟ್ಟಿದರು. "ಬೇಟಾ, ಈಗ ತೋರಿಸು" ಅಂದರು. ಎರಡು ಹೆಜ್ಜೆಗೆ ತಲೆ ಬಡಿಯಿತು. ಮೂರನೆಯದಕ್ಕೆ ಮೊಣಕಾಲು. ವಾಲ್ವ್ ಅಂತ ಹಿಡಿದದ್ದು ಬೇರೆ ಏನೋ ಆಗಿತ್ತು. ಅವರು ಬೈಯಲಿಲ್ಲ. "ಲೈಟ್ ಇರುವಾಗ ಎಲ್ಲರಿಗೂ ಗೊತ್ತಾಗುತ್ತದೆ. ಲೈಟ್ ಹೋದಾಗ ನಿನ್ನ ಕೈಗೆ ಗೊತ್ತಿರಬೇಕು" ಅಂದರು. ಅಲ್ಲಿಂದ ಮೂರು ತಿಂಗಳು, ವಾಚ್, ಅಂದರೆ ಕೆಲಸದ ಪಾಳಿ, ಮುಗಿದ ಮೇಲೆ ದಿನಾ ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡು ನಡೆದೆ. ನಾನು ಕಲಿತ ರೀತಿ ಇಷ್ಟೇ: ಹೆಜ್ಜೆ ಎಣಿಸುವುದು, ಒಂದು ಗುರುತು ಮುಟ್ಟುವುದು, ಅಲ್ಲಿಂದ ಕೈ ಚಾಚುವುದು. ಬಾಗಿಲ ಚೌಕಟ್ಟಿನಿಂದ ನಾಲ್ಕು ಹೆಜ್ಜೆ, ಬಲಕ್ಕೆ ಬಾಗು, ಮೊಣಕಾಲಿನ ಎತ್ತರದಲ್ಲಿ ದಪ್ಪ ಪೈಪ್, ಅದರ ಹಿಂದೆ ಒಂದು ಗೇಣು ಆಚೆ ಚಕ್ರ. ಪ್ರತಿ ಚಕ್ರಕ್ಕೂ ತನ್ನದೇ ಮೈ ಇರುತ್ತದೆ. ಒಂದು ಒರಟು, ಒಂದು ನುಣುಪು, ಒಂದರ ಅಂಚಿನಲ್ಲಿ ಬಣ್ಣ ಎದ್ದು ಹೋದ ಜಾಗ. ಕೊನೆಕೊನೆಗೆ ನಿದ್ದೆಯಲ್ಲೂ ಕೈ ಅಲ್ಲಿಗೆ ಹೋಗುತ್ತಿತ್ತು.

ಮೊದಲ ಸಲ ಆಳಕ್ಕೆ ಇಳಿದಾಗ ಚೀಫ್ ಸಾಬ್ ಇನ್ನೊಂದು ತೋರಿಸಿದರು. ಕಂಪಾರ್ಟ್‌ಮೆಂಟ್‌ನ ಈ ಗೋಡೆಯಿಂದ ಆ ಗೋಡೆಗೆ ಒಂದು ದಾರ ಬಿಗಿಯಾಗಿ ಕಟ್ಟಿದರು. ಬೋಟ್ ಇಳಿಯುತ್ತಾ ಹೋದ ಹಾಗೆ ದಾರ ಜೋತು ಬಿತ್ತು. ಪ್ರತಿ 10 ಮೀಟರ್‌ಗೆ ಚದರ ಸೆಂಟಿಮೀಟರ್‌ಗೆ ಒಂದು ಕಿಲೋ ಒತ್ತಡ ಜಾಸ್ತಿ ಆಗುತ್ತದೆ ಅಂತ ಓದಿದ್ದೆ. ಉಕ್ಕಿನ ಗೋಡೆ ಒಳಗೆ ಬರುವುದನ್ನು ಕಣ್ಣಾರೆ ಕಂಡಿದ್ದು ಅವತ್ತು.

ದಿನದ ಬದುಕು? ನೀರು ಅಳತೆಯದ್ದು. ಸ್ನಾನ ಇಲ್ಲ, ಗಡ್ಡ ತೆಗೆಯುವಂತಿಲ್ಲ, ಬಟ್ಟೆ ಒಗೆಯುವ ಮಾತೇ ಇಲ್ಲ. ಕೆಲವು ದಿನ ಹಾಕಿ ಬಿಸಾಡುವ ಬಟ್ಟೆ ಕೊಡುತ್ತಾರೆ. ಬೆಳಗು, ರಾತ್ರಿ ಗಡಿಯಾರದಲ್ಲಿ ಮಾತ್ರ. ಕಂಟ್ರೋಲ್ ರೂಮ್‌ನಲ್ಲಿ ಕೆಂಪು ಲೈಟ್ ಹತ್ತಿದರೆ ಮೇಲೆ ಕತ್ತಲಾಗಿದೆ ಅಂತ ಗೊತ್ತಾಗುತ್ತದೆ. ಪೆರಿಸ್ಕೋಪ್ ನೋಡುವವರ ಕಣ್ಣು ಕತ್ತಲೆಗೆ ಹೊಂದಿಕೊಂಡಿರಲಿ ಅಂತ. ಬ್ಯಾಟರಿ ಚಾರ್ಜ್ ಮಾಡಲು ಮೇಲಕ್ಕೆ ಬಂದು, ಸ್ನಾರ್ಕೆಲ್ ಅನ್ನುವ ಕೊಳವೆಯನ್ನು ನೀರಿನ ಮೇಲೆ ಚಾಚಿ ಡೀಸೆಲ್ ಎಂಜಿನ್ ಓಡಿಸುತ್ತೇವೆ. ದೊಡ್ಡ ಅಲೆ ಬಂದರೆ ಕೊಳವೆಯ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಎಂಜಿನ್‌ಗೆ ಅದು ಗೊತ್ತಿಲ್ಲ, ಬೋಟ್ ಒಳಗಿನ ಗಾಳಿಯನ್ನೇ ಎಳೆಯುತ್ತದೆ. ಕಿವಿ ಟಪ್ ಅನ್ನುತ್ತದೆ. ಮಳೆಗಾಲದಲ್ಲಿ ರಾತ್ರಿಯಿಡೀ ಹೀಗೆ. ಮಲಗಿದವರೂ ನಿದ್ದೆಯಲ್ಲೇ ಎಂಜಲು ನುಂಗಿ ಕಿವಿ ಸರಿ ಮಾಡಿಕೊಳ್ಳುತ್ತಾರೆ.

ಬಂಗಾಳ ಕೊಲ್ಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗಂಗೆ, ಗೋದಾವರಿ, ಕೃಷ್ಣೆ ತಂದು ಸುರಿಯುವ ಸಿಹಿನೀರಿನಿಂದ ಅಲ್ಲಿ ಮೇಲಿನ ನೀರಲ್ಲಿ ಉಪ್ಪು ಕಡಿಮೆ. ಉಪ್ಪು ಕಡಿಮೆಯಾದರೆ ನೀರು ಎತ್ತಿ ಹಿಡಿಯುವುದೂ ಕಡಿಮೆ. ತೇಲುತ್ತಿದ್ದ ಬೋಟ್ ಇದ್ದಕ್ಕಿದ್ದ ಹಾಗೆ ಭಾರವಾಗುತ್ತದೆ. ಟ್ಯಾಂಕ್‌ನಿಂದ ನೀರು ಹೊರಹಾಕಿ ಸರಿದೂಗಿಸಬೇಕು. ಚಿಕ್ಕಂದಿನಿಂದ ಕೈಮುಗಿದ ನದಿಗಳು ಸಮುದ್ರದ ಒಳಗೂ ನಮ್ಮ ಲೆಕ್ಕ ಬದಲಿಸುತ್ತವೆ ಅಂತ ತಿಳಿದಾಗ ನನಗೆ ಮೈ ಜುಮ್ ಅಂದಿತ್ತು.

ಈಗ ಆ ಬೆಳಗಿನ ಜಾವದ ವಿಷಯ. ವರ್ಷ, ಬೋಟ್‌ನ ಹೆಸರು ಹೇಳುವುದಿಲ್ಲ. ಯುದ್ಧ ಇರಲಿಲ್ಲ, ಬರೀ ಅಭ್ಯಾಸ. ಸುಮಾರು 120 ಮೀಟರ್ ಆಳದಲ್ಲಿದ್ದೆವು. ಹಿಂದಿನ ಕಂಪಾರ್ಟ್‌ಮೆಂಟ್‌ನಲ್ಲಿ ನಾನು, ಇನ್ನಿಬ್ಬರು. ತಂಪು ಮಾಡುವ ಸಮುದ್ರ ನೀರಿನ ಪೈಪ್‌ನ ಒಂದು ಜಾಯಿಂಟ್ ಬಿಟ್ಟುಕೊಂಡಿತು. ಆ ಆಳದಲ್ಲಿ ನೀರು ಸೋರುವುದಿಲ್ಲ. ಸೀಟಿಯ ಹಾಗೆ ಕೂಗುತ್ತಾ ಹೊಗೆಯಾಗಿ ಬರುತ್ತದೆ. ಕ್ಷಣದಲ್ಲಿ ಕಂಪಾರ್ಟ್‌ಮೆಂಟ್ ತುಂಬಾ ಬಿಳಿ ಮಂಜು. ನನ್ನ ಕೈ ನನಗೆ ಕಾಣಲಿಲ್ಲ. ಎಲ್ಲಿಂದ ಬರುತ್ತಿದೆ ಅಂತ ಕಿವಿಗೂ ಗೊತ್ತಾಗಲಿಲ್ಲ, ಸದ್ದು ಎಲ್ಲ ಕಡೆಯಿಂದ ಬರುತ್ತಿತ್ತು. ಅಲಾರಂ ಕೊಟ್ಟೆವು. ಕೊಟ್ಟ ಕೂಡಲೇ ನಮ್ಮ ಹಿಂದಿನ ಬಾಗಿಲು ಮುಚ್ಚಿ ಬೀಗ ಬಿತ್ತು. ಮುಚ್ಚಿದವನು ನನ್ನ ಬಂಕ್‌ನ ಪಕ್ಕ ಮಲಗುವ ಗೆಳೆಯ. ಅದು ನಿಯಮ. ಒಂದು ಕಂಪಾರ್ಟ್‌ಮೆಂಟ್‌ಗಾಗಿ ಐದನ್ನು ಕಳೆದುಕೊಳ್ಳುವಂತಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಕಣ್ಣು ಮುಚ್ಚಿಕೊಂಡೆ. ನಿಜವಾಗಿ ಮುಚ್ಚಿಕೊಂಡೆ, ತೆರೆದಿದ್ದರೆ ಗಾಬರಿ ಜಾಸ್ತಿ ಆಗುತ್ತಿತ್ತು. ಚೌಕಟ್ಟು ಮುಟ್ಟಿದೆ. ನಾಲ್ಕು ಹೆಜ್ಜೆ. ಬಲಕ್ಕೆ. ದಪ್ಪ ಪೈಪ್. ಒಂದು ಗೇಣು. ಬಣ್ಣ ಎದ್ದ ಅಂಚು ಬೆರಳಿಗೆ ಸಿಕ್ಕಿತು. ತಿರುಗಿಸಿದೆ. ಮೊದಲ ಸುತ್ತು ಬಿಗಿ, ಆಮೇಲೆ ಸರಾಗ. ಸೀಟಿ ಸಣ್ಣಗಾಗಿ ನಿಂತಿತು. ಅಷ್ಟರಲ್ಲಿ ಬೋಟ್ ಮೂತಿ ಎತ್ತಿ ಮೇಲೇರುತ್ತಿತ್ತು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಬಾಗಿಲು ತೆರೆದಾಗ ಗೆಳೆಯ ಏನೂ ಹೇಳಲಿಲ್ಲ, ಒಣ ಟವೆಲ್ ಕೊಟ್ಟ. ಅವನ ಕೈ ನಡುಗುತ್ತಿತ್ತು.

"ಯುದ್ಧ ನೋಡಿದ್ದೀರಾ?" ಅಂತ ಜನ ಕೇಳುತ್ತಾರೆ. ನೋಡಿಲ್ಲ, ಕಿವಿಗೊಟ್ಟು ಕಾಯುತ್ತಾ ಕೂತಿದ್ದೇನೆ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಎರಡೂ ದೇಶದ ಸೇನೆಗಳು ತಿಂಗಳಗಟ್ಟಲೆ ಎದುರುಬದುರು ನಿಂತವಲ್ಲ, ಆಗ. ಎಲ್ಲಿದ್ದೆವು ಅಂತ ಇವತ್ತೂ ಬರೆಯುವುದಿಲ್ಲ. ಆ ದಿನಗಳ ಕೆಲಸ ಅಂದರೆ ಸದ್ದು ಮಾಡದಿರುವುದು. ಬೇಡದ ಫ್ಯಾನ್ ಬಂದ್. ವಾಚ್ ಇಲ್ಲದವರು ಬಂಕ್‌ನಲ್ಲಿ. ಉಸಿರಾಡುವ ಗಾಳಿ ಉಳಿಯಬೇಕು, ಹೆಜ್ಜೆ ಸದ್ದೂ ಆಗಬಾರದು. ಸ್ಪ್ಯಾನರ್ ಬಿದ್ದರೆ ಅದು ಮೈಲಿಗಟ್ಟಲೆ ಕೇಳಿಸುತ್ತದೆ, ಹಾಗಾಗಿ ಪ್ರತಿ ಸ್ಪ್ಯಾನರ್‌ಗೂ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಇಂಗಾಲದ ಡೈಆಕ್ಸೈಡ್ ಏರಿದ ಹಾಗೆ ತಲೆನೋವು ಶುರುವಾಗುತ್ತದೆ, ಯೋಚನೆ ನಿಧಾನವಾಗುತ್ತದೆ. ಆಗ ನಾನು ಮನಸ್ಸಿನಲ್ಲೇ ಬೋಟ್ ಸುತ್ತುತ್ತಿದ್ದೆ, ಒಂದೊಂದೇ ವಾಲ್ವ್ ಮುಟ್ಟುತ್ತಾ. ನೀರೊಳಗಿನ ಸದ್ದು ಆಲಿಸುವ ಸೋನಾರ್ ಯಂತ್ರದ ಹುಡುಗ ಒಮ್ಮೆ ಹೆಡ್‌ಫೋನ್ ಕೊಟ್ಟ. ಒಲೆಯಲ್ಲಿ ಹಸಿ ಸೌದೆ ಚಟಪಟ ಅಂದ ಹಾಗೆ ಸದ್ದು. ಸಿಗಡಿಗಳದ್ದಂತೆ. ಅದರಾಚೆ ಎಲ್ಲೋ ಒಂದು ಹಡಗಿನ ಪ್ರೊಪೆಲ್ಲರ್. ಅದರಲ್ಲೂ ನಮ್ಮ ಹಾಗೆ ಮನೆ ಬಿಟ್ಟು ಬಂದವರೇ ಇರುತ್ತಾರೆ ಅನ್ನಿಸಿತು. ಹಾಗನ್ನಿಸಿದ ಮಾತ್ರಕ್ಕೆ ಕರ್ತವ್ಯ ಸಡಿಲವಾಗುವುದಿಲ್ಲ, ಅನ್ನಿಸದೇ ಇರುವುದೂ ಇಲ್ಲ.

ನಮ್ಮ ಹಿರಿಯರು ನಿಜವಾದ ಯುದ್ಧ ಕಂಡವರು. 1971ರಲ್ಲಿ ಕರಂಜ್ ಬೋಟ್ ಶತ್ರುವಿನ ಕರಾವಳಿಯ ಕಡೆ ಗಸ್ತು ಹೋಗಿತ್ತು. ಅದರ ಕಮಾಂಡರ್ ವಿ.ಎಸ್. ಶೇಖಾವತ್ ಅವರಿಗೆ ವೀರಚಕ್ರ ಬಂತು, ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು. ಅದೇ ಯುದ್ಧದಲ್ಲಿ, ಡಿಸೆಂಬರ್ 9ರಂದು, ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ನಮ್ಮ ಖುಕ್ರಿ ಹಡಗನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡಲಿಲ್ಲ. ಅದಕ್ಕೂ ಮೊದಲು, 3ರ ನಡುರಾತ್ರಿ, ವಿಶಾಖಪಟ್ಟಣದ ಎದುರಿಗೇ ಪಾಕಿಸ್ತಾನದ ಘಾಜಿ ಸಬ್‌ಮರೀನ್ ಮುಳುಗಿ 93 ಜನ ತೀರಿಕೊಂಡಿದ್ದರು. ಬಂದರು ಬಿಟ್ಟು ಹೊರಡುವಾಗಲೆಲ್ಲ ಚೀಫ್ ಸಾಬ್ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಶತ್ರುಗಳಲ್ವಾ ಅಂತ ಒಬ್ಬ ಕೇಳಿದ್ದಕ್ಕೆ, "ಹೌದು. ಸಬ್‌ಮರೀನರ್‌ಗಳೂ ಹೌದು" ಅಂದಿದ್ದರು.

ನನಗೆ ನೋವಾಗುವುದು ಶಾಂತಿಕಾಲದ ಸಾವುಗಳನ್ನು ಜನ ಬೇಗ ಮರೆಯುತ್ತಾರೆ ಅನ್ನುವುದಕ್ಕೆ. 2000ದ ಆಗಸ್ಟ್‌ನಲ್ಲಿ ರಷ್ಯಾದ ಕುರ್ಸ್ಕ್, 118 ಜನ. 2013ರ ಆಗಸ್ಟ್ 14ರಂದು ಮುಂಬೈಯಲ್ಲಿ ನಮ್ಮ ಸಿಂಧುರಕ್ಷಕ್, 18 ಜನ. ನಾನಿದ್ದ ವರ್ಗದ್ದೇ ಬೋಟ್ ಅದು. 2017ರಲ್ಲಿ ಅರ್ಜೆಂಟೀನಾದ ಸಾನ್ ಹುವಾನ್, 44 ಜನ. 2021ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ನಂಗಾಲಾ, 53 ಜನ. ಇವುಗಳಲ್ಲಿ ಒಂದಕ್ಕೂ ಯಾವ ಶತ್ರುವೂ ಟಾರ್ಪೆಡೊ ಹೊಡೆದಿರಲಿಲ್ಲ. ನಂಗಾಲಾ ಕಾಣೆಯಾದ ಸುದ್ದಿ ಬಂದ ತಕ್ಷಣ ವಿಶಾಖಪಟ್ಟಣದಿಂದ ನಮ್ಮ ಪಾರುಗಾಣಿಕಾ ವಾಹನ, ಮುಳುಗಿದ ಬೋಟ್‌ನಿಂದ ಜನರನ್ನು ಮೇಲೆ ತರುವಂಥದ್ದು, ಹೊರಟಿತ್ತು. ಅಂಥ ವಾಹನ ನೌಕಾಪಡೆಗೆ ಮೊದಲು ಸೇರಿದ್ದು 2018ರಲ್ಲಿ. ನನ್ನ ಕಾಲದಲ್ಲಿ ನಮಗೆ ಹಾಗೊಂದು ಇರಲಿಲ್ಲ. ಅದು ತಲುಪುವ ಮೊದಲೇ ಎಲ್ಲ ಮುಗಿದಿತ್ತು, ಆದರೂ ಹೊರಟಿತಲ್ಲ ಅಂತ ನಾನು ಟಿವಿ ಮುಂದೆ ಎದ್ದು ನಿಂತಿದ್ದೆ.

ಹೆಂಡತಿಗೆ ಇದ್ಯಾವುದನ್ನೂ ನಾನು ಹೇಳಿರಲಿಲ್ಲ. ಹೊರಡುವ ದಿನ ಹೇಳುತ್ತಿರಲಿಲ್ಲ, ಬರುವ ದಿನ ನನಗೇ ಗೊತ್ತಿರುತ್ತಿರಲಿಲ್ಲ. ಮನೆಗೆ ಬಂದಾಗ ಬಾಗಿಲಲ್ಲೇ ಬಟ್ಟೆ ಇಸಿದುಕೊಂಡು ಬಿಸಿನೀರಲ್ಲಿ ನೆನೆಹಾಕುತ್ತಿದ್ದಳು, ಮೂರು ಸಲ ಒಗೆದರೂ ಡೀಸೆಲ್ ವಾಸನೆ ಹೋಗುತ್ತಿರಲಿಲ್ಲ. ಕೆಲಸ ಬಿಟ್ಟ ವರ್ಷ ಅವಳನ್ನು ವಿಶಾಖಪಟ್ಟಣದ ಬೀಚ್ ರಸ್ತೆಗೆ ಕರೆದುಕೊಂಡು ಹೋದೆ. ಅಲ್ಲಿ ಕುರ್ಸುರಾ ಇದೆ. 1969ರಲ್ಲಿ ಸೇರಿ 2001ರ ತನಕ ದುಡಿದ ಫಾಕ್ಸ್‌ಟ್ರಾಟ್ ಬೋಟ್, ಈಗ ಮರಳ ಮೇಲೆ ಮ್ಯೂಸಿಯಂ. ಒಳಗೆ ಬಗ್ಗಿ ಬಗ್ಗಿ ನಡೆದೆವು. ದುಂಡನೆಯ ಬಾಗಿಲಿನ ಹತ್ತಿರ ಅವಳು ನಿಂತು, "ಇದನ್ನ ಮುಚ್ತಾರಾ ರೀ?" ಅಂತ ಕೇಳಿದಳು. ಆಗ ಮೊದಲ ಸಲ ಆ ಬೆಳಗಿನ ಜಾವದ ಕಥೆ ಹೇಳಿದೆ. ಹಿಂದೆ ಬರುತ್ತಿದ್ದ ಜನ ದಾಟಿ ಹೋದರು. ಅವಳು ಏನೂ ಮಾತಾಡಲಿಲ್ಲ. ಪಕ್ಕದ ಬಂಕ್‌ಗೂ ಮೇಲಿನ ಪೈಪ್‌ಗೂ ನಡುವಿನ ಜಾಗವನ್ನು ಗೇಣಿನಿಂದ ಅಳೆದಳು. ಆಮೇಲೆ ಮತ್ತೊಮ್ಮೆ ಅಳೆದಳು.