ಹೆಬ್ಬೆರಳಿನ ಬಲವಲ್ಲ, ಮೈಭಾರ: ಮನೆಯಲ್ಲೇ ಥಾಯ್ ಮಸಾಜ್

ಥಾಯ್ ಮಸಾಜ್ ಕಲಿತೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಅವರ ಹೆಬ್ಬೆರಳು ನೋಡುತ್ತೇನೆ. ಊದಿಕೊಂಡಿದ್ದರೆ ಇನ್ನೂ ಕಲಿತಿಲ್ಲ ಅಂತಲೇ ಅರ್ಥ.

ಥಾಯ್ಲೆಂಡಿನಲ್ಲಿ ಇದನ್ನು 'ನುವಾಡ್ ಥಾಯ್' ಎನ್ನುತ್ತಾರೆ. ಬುದ್ಧನ ವೈದ್ಯನಾಗಿದ್ದ ಜೀವಕನೇ ಇದರ ಮೂಲಗುರು ಎಂಬುದು ಅಲ್ಲಿನವರ ನಂಬಿಕೆ. ಅವನಿಗೆ ಕೈಮುಗಿದೇ ಕೆಲಸ ಶುರು. ಬ್ಯಾಂಕಾಕಿನ ವಾಟ್ ಪೋ ದೇವಾಲಯದಲ್ಲಿ ಎಲ್ಲೆಲ್ಲಿ ಒತ್ತಬೇಕು ಎಂಬುದನ್ನು ಕಲ್ಲಿನಲ್ಲೇ ಕೆತ್ತಿಸಿದ್ದಾರೆ. 2019ರಲ್ಲಿ ನುವಾಡ್ ಥಾಯ್ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು.

ಮೊದಲು ನೀವು ಐದು ನಿಮಿಷ ಸುಮ್ನೆ ಕೂರಿ. ಮೂಗಿನ ತುದಿಯಲ್ಲಿ ಉಸಿರು ಬಂದು ಹೋಗುವುದನ್ನು ಗಮನಿಸಿ. ಮನಸ್ಸು ಎಲ್ಲೋ ಓಡುತ್ತದೆ, ಮತ್ತೆ ಕರೆತನ್ನಿ. ಇದೇ ಆನಾಪಾನ. ಕೊಳಲು ನುಡಿಸುವ ಆ್ಯಪ್ ಬೇಡವೇ ಬೇಡ. ಇನ್ನು ಸ್ವಲ್ಪ ಹೊತ್ತಿಗೆ ಇನ್ನೊಬ್ಬರ ಉಸಿರು ನೋಡಬೇಕಲ್ವಾ, ಅದಕ್ಕೇ ಈ ತಾಲೀಮು.

ನೆಲದ ಮೇಲೆ ದಪ್ಪ ಚಾಪೆ, ಸಡಿಲ ಹತ್ತಿಬಟ್ಟೆ. ಎಣ್ಣೆ ಬೇಡ. ಮಂಚವೂ ಬೇಡ, ನಿಮ್ಮ ಭಾರವನ್ನೆಲ್ಲ ಹಾಸಿಗೆ ನುಂಗುತ್ತದೆ.

ಮಸಾಜ್ ಮಾಡಿಸಿಕೊಳ್ಳುವವರನ್ನು ಅಂಗಾತ ಮಲಗಿಸಿ ಪಾದದಿಂದ ಶುರು ಮಾಡಿ. ಆಮೇಲೆ ಕಣಕಾಲಿನ ಒಳಬದಿ, ತೊಡೆ. ಎಲ್ಲ ಕಡೆ ಮೊದಲು ಅಂಗೈ, ನಂತರ ಹೆಬ್ಬೆರಳು, ಕೊನೆಗೆ ಮತ್ತೆ ಅಂಗೈ.

ಬಹಳ ಜನ ಎಡವುವುದು ಹೆಬ್ಬೆರಳು ಇಡುವಾಗ. ಕಾಲಿನ ಪಕ್ಕ ಮಂಡಿಯೂರಿ ಕೂರಿ. ತೋಳು ನೆಟ್ಟಗಿರಲಿ, ಭುಜ ಸರಿಯಾಗಿ ಕೈಯ ಮೇಲೆ ಬರಲಿ. ಬೆರಳಿನ ತುದಿಯಲ್ಲ, ಮೆತ್ತನೆಯ ಭಾಗ ತಾಗಬೇಕು. ಈಗ ಒತ್ತಬೇಡಿ. ಸೊಂಟದಿಂದ ಮುಂದಕ್ಕೆ ವಾಲಿ, ಅಷ್ಟೆ. ಭಾರ ತಾನಾಗಿ ಇಳಿಯುತ್ತದೆ. ವಾಲಬೇಕಾದದ್ದು ಅವರು ಉಸಿರು ಬಿಡುವಾಗ. ಹೊಟ್ಟೆ ಇಳಿಯುವುದನ್ನು ನೋಡಿ, ಅದರ ಜೊತೆಗೇ ಇಳಿಯಿರಿ. ಒಂದು ಕ್ಷಣ ನಿಲ್ಲಿ. ಹೊಟ್ಟೆ ಏರುವಾಗ ನಿಧಾನವಾಗಿ ಹಿಂದೆ ಸರಿಯಿರಿ, ಬೆರಳನ್ನು ಫಕ್ಕನೆ ಎತ್ತಬೇಡಿ. ಅವರು ಉಸಿರು ಬಿಗಿಹಿಡಿದರೆ ನೀವು ಒತ್ತಿದ್ದು ಜಾಸ್ತಿ ಆಯಿತು. 'ನೋವಾಯ್ತಾ' ಅಂತ ಕೇಳುವುದೇ ಬೇಡ, ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ.

ಮೂಳೆ, ಮಂಡಿಚಿಪ್ಪು, ಬೆನ್ನುಮೂಳೆಯ ಮೇಲೆ ಎಂದಿಗೂ ಒತ್ತಬಾರದು. ಬೆನ್ನಿಗೆ ಮಾಡುವಾಗ ಮೂಳೆಯಿಂದ ಎರಡು ಬೆರಳು ದೂರ ಇರಿ. ವಿಡಿಯೊ ನೋಡಿ ಕತ್ತು ತಿರುಗಿಸಿ ಲಟಕ್ ಅನ್ನಿಸುವವರಿದ್ದಾರೆ, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಮಸಾಜ್ ಗನ್ ನನಗೆ ಸೇರದು, ಅದಕ್ಕೆ ಉಸಿರು ಕಾಣಿಸುವುದಿಲ್ಲ.

ಬಿಗಿದ ಸ್ನಾಯು ಸಡಿಲವಾಗುತ್ತದೆ, ಮನಸ್ಸು ಹಗುರಾಗುತ್ತದೆ. ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜ್ವರ, ಮೂಳೆ ಮುರಿತ, ಇತ್ತೀಚಿನ ಆಪರೇಷನ್ ಇದ್ದರೆ ಮಸಾಜ್ ಬೇಡ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಬೇಕು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಮುಟ್ಟಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಮುಗಿದ ಮೇಲೆ ಎರಡೂ ಪಾದ ಹಿಡಿದು ಹತ್ತು ಉಸಿರು ಎಣಿಸಿ, ಕೈ ಬಿಡಿ. ಅವರಿಗೆ ನಿದ್ದೆ ಬಂದಿದ್ದರೆ ಹೊದಿಕೆ ಹೊದಿಸಿ ಎದ್ದುಬನ್ನಿ.